ಕಾಲ್ಪನಿಕ ರಾಕೆಟ್ಟಿನ ನಿಜವಾದ ತೂಕ

ಗಗನಯಾನದ ಸಿಮ್ಯುಲೇಟರುಗಳಲ್ಲಿ ಸ್ವಂತ ಉಡಾವಣಾ ರಾಕೆಟ್ ರೂಪಿಸುವ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟಿರುವ ಉತ್ತರ ದೀರ್ಘವಾಗಿದೆ. ಮುಂದಿನ ಉತ್ತರಗಳಲ್ಲಿ ಬರುವ ಲೆಕ್ಕಗಳೆಲ್ಲ ಅದೇ ರಾಕೆಟ್ಟಿಗೆ ಸಂಬಂಧಿಸಿರುವುದರಿಂದ ಅದನ್ನು ಮೊದಲು ಓದಿಕೊಂಡರೆ ಅನುಕೂಲ.

ಪ್ರಶ್ನೆ: ‘ಆರ್ಬಿಟರ್’ ಸಿಮ್ಯುಲೇಟರಿಗಾಗಿ ‘ಶರಾವತಿ’ ಎಂಬ ರಾಕೆಟ್ ರೂಪಿಸಿದ್ದೇನೆ. ಮೀಥೇನನ್ನು ದ್ರವ ಆಮ್ಲಜನಕದಲ್ಲಿ ಉರಿಸುವ ಎರಡು ಹಂತಗಳು ಅದರಲ್ಲಿವೆ. ಮೊದಲ ಹಂತದಲ್ಲಿ 130 ಟನ್, ಎರಡನೆಯದರಲ್ಲಿ 36 ಟನ್ ನೋದಕ (ಮೀಥೇನ್ ಮತ್ತು ಆಮ್ಲಜನಕ ಸೇರಿ) ತುಂಬಿದ್ದೇನೆ. ನೆಲ ಬಿಡುವಾಗ ಒಟ್ಟು ತೂಕ 186 ಟನ್, ನೂಕುಬಲ 1,850 ಕಿಲೋನ್ಯೂಟನ್. ಶ್ರೀಹರಿಕೋಟದಿಂದ 5 ಟನ್ ಹೊರೆಯನ್ನು 400 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸುವುದು ಗುರಿ. ಆದರೆ ಪ್ರತಿ ಸಲವೂ ಕಕ್ಷೆ ಮುಟ್ಟುವ ಮೊದಲೇ ರಾಕೆಟ್ ಕೆಳಗೆ ಬೀಳುತ್ತಿದೆ. ಮೊದಲ ಹಂತಕ್ಕೆ ಇನ್ನೂ 10 ಟನ್ ನೋದಕ ಸೇರಿಸಿದರೆ ವೇದಿಕೆಯಿಂದಲೇ ಏಳುವುದಿಲ್ಲ. ತಪ್ಪು ಎಲ್ಲಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಅಂಕಿಗಳನ್ನಿಟ್ಟುಕೊಂಡು ಲೆಕ್ಕ ಹಾಕಿದರೆ ಶರಾವತಿಗೆ ನೋದಕ ಸಾಕಷ್ಟಿದೆ, ನೂಕುಬಲ ಸಾಲದು ಎಂಬುದು ಕಾಣುತ್ತದೆ. 186 ಟನ್ ತೂಗುವ ರಾಕೆಟ್ಟನ್ನು ಭೂಮಿ ಸುಮಾರು 1,825 ಕಿಲೋನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ನಿಮ್ಮ ಎಂಜಿನ್ನಿನ 1,850 ಕಿಲೋನ್ಯೂಟನ್‌ನಲ್ಲಿ ಅಷ್ಟನ್ನು ಕಳೆದರೆ ರಾಕೆಟ್ಟನ್ನು ಮೇಲಕ್ಕೆ ಒಯ್ಯಲು ಉಳಿಯುವುದು 25 ಕಿಲೋನ್ಯೂಟನ್ ಮಾತ್ರ. ಮೊದಲ ಹತ್ತು ಸೆಕೆಂಡುಗಳಲ್ಲಿ ಅದು ಆರು ಟನ್ ನೋದಕ ಉರಿಸಿ ಹದಿಮೂರು ಮೀಟರಿನಷ್ಟೂ ಏರಿರುವುದಿಲ್ಲ. ಇನ್ನೂ 10 ಟನ್ ಸೇರಿಸಿದಾಗ ತೂಕವು ನೂಕುಬಲವನ್ನೇ ಮೀರುವುದರಿಂದ, ಏಳು ಟನ್ನಿಗೂ ಹೆಚ್ಚು ನೋದಕ ನಿಂತಲ್ಲಿಯೇ ಉರಿದು ಹೋಗುವ ತನಕ, ಅಂದರೆ ಸುಮಾರು ಹನ್ನೆರಡು ಸೆಕೆಂಡುಗಳ ಕಾಲ, ಅದು ವೇದಿಕೆ ಬಿಟ್ಟು ಕದಲುವುದಿಲ್ಲ. ನೀವು ಅಷ್ಟು ಹೊತ್ತು ಕಾಯದೆ ಹಾರಾಟವನ್ನು ನಿಲ್ಲಿಸಿರಬೇಕು.

ಎಂಜಿನ್ ಉರಿಯುತ್ತ ನೇರ ಮೇಲಕ್ಕೆ ಮುಖ ಮಾಡಿರುವ ಪ್ರತಿ ಸೆಕೆಂಡಿಗೂ ಗುರುತ್ವವು ರಾಕೆಟ್ಟಿನಿಂದ ಸೆಕೆಂಡಿಗೆ 9.8 ಮೀಟರಿನಷ್ಟು ವೇಗವನ್ನು ಕಸಿದುಕೊಳ್ಳುತ್ತದೆ. ನಿಧಾನವಾಗಿ ಏರುವ ರಾಕೆಟ್ ಈ ಸುಂಕವನ್ನು ಹೆಚ್ಚು ಹೊತ್ತು ಕಟ್ಟುತ್ತದೆ. ಆದ್ದರಿಂದ ವಿನ್ಯಾಸವನ್ನು ಟ್ಯಾಂಕಿನಿಂದ ಆರಂಭಿಸಬಾರದು. ಹೊರೆ ಎಷ್ಟು, ಅದಕ್ಕೆ ಬೇಕಾದ ವೇಗ ಎಷ್ಟು ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಲೆಕ್ಕ ಹಾಕುತ್ತ ಬರಬೇಕು. ಸಿಮ್ಯುಲೇಟರಿನಲ್ಲಿ ನೂಕುಬಲವನ್ನು ಇಷ್ಟಬಂದಷ್ಟು, ಖಾಲಿ ಟ್ಯಾಂಕಿನ ತೂಕವನ್ನು ಸೊನ್ನೆ ಎಂದು ಬರೆದರೂ ಯಾರೂ ತಡೆಯುವುದಿಲ್ಲ. ಹಾಗೆ ಮಾಡಿದ ರಾಕೆಟ್ ಹಾರುತ್ತದೆ, ಆದರೆ ಅದನ್ನು ಹಾರಿಸಿದವರಿಗೆ ರಾಕೆಟ್ಟಿನ ಬಗ್ಗೆ ಒಂದು ಸಂಗತಿಯೂ ತಿಳಿದಿರುವುದಿಲ್ಲ. ನೀವು ಖಾಲಿ ತೂಕವನ್ನು ಪ್ರಾಮಾಣಿಕವಾಗಿ ಹಾಕಿದ್ದೀರಿ. ಅದನ್ನು ಹಾಗೆಯೇ ಉಳಿಸಿಕೊಳ್ಳೋಣ.

400 ಕಿ.ಮೀ. ಎತ್ತರದ ವೃತ್ತ ಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ 7,670 ಮೀಟರ್ ವೇಗ ಬೇಕು. ಗುರುತ್ವ, ಗಾಳಿಯ ತಡೆ ಮತ್ತು ದಿಕ್ಕು ತಿರುಗಿಸುವ ವೆಚ್ಚ ಎಲ್ಲ ಸೇರಿ 1,600ರಿಂದ 2,000 ಮೀಟರಿನಷ್ಟು ನಷ್ಟವಾಗುತ್ತದೆ. ಶ್ರೀಹರಿಕೋಟ ಸಮಭಾಜಕದಿಂದ ಉತ್ತರಕ್ಕೆ 13.7 ಡಿಗ್ರಿಯಲ್ಲಿರುವುದರಿಂದ, ಪೂರ್ವಕ್ಕೆ ಹಾರಿಸಿದರೆ ಭೂಮಿಯ ತಿರುಗುವಿಕೆಯಿಂದಲೇ ಸುಮಾರು 450 ಮೀಟರ್ ವೇಗ ಉಚಿತವಾಗಿ ದೊರೆಯುತ್ತದೆ. ಇವೆಲ್ಲವನ್ನೂ ಕೂಡಿ ಕಳೆದು, ಸ್ವಲ್ಪ ಎಚ್ಚರಿಕೆಯನ್ನೂ ಸೇರಿಸಿ, ಬೇಕಾದ ಒಟ್ಟು ವೇಗವನ್ನು ನಾನು ಸೆಕೆಂಡಿಗೆ 9,400 ಮೀಟರ್ ಎಂದು ಹಿಡಿಯುತ್ತೇನೆ. ಮುಂದೆ ವೇಗವನ್ನು ಬರೀ ಮೀಟರಿನಲ್ಲಿ ಹೇಳಿದಲ್ಲೆಲ್ಲ ಸೆಕೆಂಡಿಗೆ ಅಷ್ಟು ಮೀಟರ್ ಎಂದು ಓದಿಕೊಳ್ಳಿ.

ರಾಕೆಟ್ ಗಳಿಸಬಲ್ಲ ವೇಗದ ಸೂತ್ರವನ್ನು ರಷ್ಯದ ಶಾಲಾ ಉಪಾಧ್ಯಾಯ ಕಾನ್‌ಸ್ಟಾಂಟಿನ್ ಸಿಯೊಲ್ಕೊವ್ಸ್ಕಿ 1903ರಲ್ಲಿ ಪ್ರಕಟಿಸಿದರು. ತುಂಬಿದ ತೂಕವನ್ನು ಉರಿದು ಮುಗಿದ ಮೇಲಿನ ತೂಕದಿಂದ ಭಾಗಿಸಿ, ಆ ಭಾಗಲಬ್ಧದ ಸ್ವಾಭಾವಿಕ ಲಾಗರಿದಮ್ಮನ್ನು ಅನಿಲ ಹೊರಚಿಮ್ಮುವ ವೇಗದಿಂದ ಗುಣಿಸಿದರೆ ಆಯಿತು. ನಿಮ್ಮ ಎರಡನೆಯ ಹಂತ 36 ಟನ್ ನೋದಕ, 3.6 ಟನ್ ಖಾಲಿ ತೂಕ, 5 ಟನ್ ಹೊರೆ, ಒಟ್ಟು 44.6 ಟನ್ ಇರಲಿ. ಉರಿದ ಮೇಲೆ ಉಳಿಯುವುದು 8.6 ಟನ್. ನಿರ್ವಾತದಲ್ಲಿ ಮೀಥೇನ್ ಎಂಜಿನ್ನಿನ ಅನಿಲದ ವೇಗವನ್ನು ಸೆಕೆಂಡಿಗೆ 3,579 ಮೀಟರ್ ಎಂದು ಹಿಡಿದರೆ ಈ ಹಂತ ಕೊಡುವ ವೇಗ 5,891 ಮೀಟರ್. ಮೊದಲ ಹಂತದಲ್ಲಿ ನೋದಕವನ್ನು 130ರಿಂದ 120 ಟನ್ನಿಗೆ ಇಳಿಸಿ, ಖಾಲಿ ತೂಕ 10 ಟನ್ ಎಂದಿಟ್ಟು, 1.5 ಟನ್ನಿನ ಉಷ್ಣಕವಚವನ್ನೂ (ಹೊರೆಯನ್ನು ಗಾಳಿಯಿಂದ ಕಾಪಾಡುವ ತುದಿಯ ಹೊದಿಕೆ) ಸೇರಿಸಿದರೆ ಇಡೀ ರಾಕೆಟ್ 176.1 ಟನ್ ಆಗುತ್ತದೆ. ನೆಲದಿಂದ ನಿರ್ವಾತದವರೆಗೆ ಅನಿಲದ ವೇಗದ ಸರಾಸರಿ 3,236 ಎಂದಾದರೆ ಈ ಹಂತದಿಂದ 3,702 ಮೀಟರ್ ಸಿಗುತ್ತದೆ. ಎರಡೂ ಸೇರಿ 9,593. ಗುರಿ ಮುಟ್ಟಿ ಸುಮಾರು 190 ಮೀಟರ್ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 130 ಟನ್ ತುಂಬಿದ ನಿಮ್ಮ ಮೂಲ ರಾಕೆಟ್ಟಿಗೆ ಇದೇ ಲೆಕ್ಕ ಹಾಕಿದರೆ ಒಟ್ಟು ವೇಗ ಸುಮಾರು 9,770 ಬರುತ್ತದೆ. ಕಾಗದದ ಮೇಲೆ ನಿಮ್ಮದೇ ಹೆಚ್ಚು ಶಕ್ತ. ಬೀಳುವುದೂ ಅದೇ, ಏಕೆಂದರೆ ಅದರ ಮೊದಲ ಹಂತ 213 ಸೆಕೆಂಡುಗಳ ಕಾಲ ತೆವಳುತ್ತ ಏರಿ, ಗಳಿಸಿದ ವೇಗದಲ್ಲಿ ದೊಡ್ಡ ಪಾಲನ್ನು ಗುರುತ್ವಕ್ಕೆ ತೆತ್ತಿರುತ್ತದೆ.

ಹಾಗಾದರೆ ನೂಕುಬಲ ಎಷ್ಟಿರಬೇಕು? ನೆಲ ಬಿಡುವಾಗ ತೂಕದ 1.3 ಪಟ್ಟು ಇದ್ದರೆ ನೆಮ್ಮದಿ. ನೆಲಮಟ್ಟದಲ್ಲಿ ತಲಾ 320 ಕಿಲೋನ್ಯೂಟನ್ ಕೊಡುವ ಏಳು ಎಂಜಿನ್‌ಗಳನ್ನು ಕೂಡಿಸಿದರೆ 2,240 ಕಿಲೋನ್ಯೂಟನ್ ಆಗುತ್ತದೆ. ಮೊದಲ ಹತ್ತು ಸೆಕೆಂಡುಗಳಲ್ಲಿ ಈ ರಾಕೆಟ್ 150 ಮೀಟರ್ ದಾಟಿರುತ್ತದೆ ಮತ್ತು ಮೊದಲ ಹಂತ 163 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಂದು ದೊಡ್ಡ ಎಂಜಿನ್ ಬಿಟ್ಟು ಏಳು ಚಿಕ್ಕವನ್ನು ಆರಿಸಿದ್ದಕ್ಕೆ ಕಾರಣವಿದೆ. ಅದೇ ಎಂಜಿನ್ನಿಗೆ ಅಗಲವಾದ ನಳಿಕೆ ಜೋಡಿಸಿದರೆ ಎರಡನೆಯ ಹಂತಕ್ಕೂ ಒದಗುತ್ತದೆ. ನಿರ್ವಾತದಲ್ಲಿ ಅದರ ಬಲ ಸುಮಾರು 377 ಕಿಲೋನ್ಯೂಟನ್. ಫಾಲ್ಕನ್-9 ರಾಕೆಟ್ಟಿನಲ್ಲಿ ಇದೇ ಉಪಾಯವಿದೆ: ಕೆಳಗೆ ಒಂಬತ್ತು ಮರ್ಲಿನ್ ಎಂಜಿನ್‌ಗಳು, ಮೇಲೆ ಅಗಲ ನಳಿಕೆಯ ಒಂದು ಮರ್ಲಿನ್. ಎರಡನೆಯ ಹಂತ ಹೊತ್ತಿಕೊಂಡಾಗ ನೂಕುಬಲ ತೂಕದ 0.83ರಷ್ಟೇ ಇರುತ್ತದೆಂದು ಗಾಬರಿಯಾಗಬೇಡಿ. ಆ ವೇಳೆಗೆ ರಾಕೆಟ್ ಬಹುಪಾಲು ಅಡ್ಡಲಾಗಿ ಸಾಗುತ್ತಿರುತ್ತದೆ ಮತ್ತು ಮೇಲಕ್ಕೇರುವ ವೇಗವನ್ನು ಮೊದಲ ಹಂತ ಕೊಟ್ಟಿರುತ್ತದೆ.

ಎರಡು ಹಂತಗಳೇ ಏಕೆ, ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಬಾರದೇ ಎಂದು ನಿಮ್ಮ ಸಹಪಾಠಿಗಳು ಕೇಳಿಯಾರು. ಇಷ್ಟೇ ನೋದಕವನ್ನು, ಇಷ್ಟೇ ಖಾಲಿ ತೂಕವನ್ನು ಒಂದೇ ಹಂತವಾಗಿ ಮಾಡಿ ಅದೇ ಸೂತ್ರಕ್ಕೆ ಹಾಕಿದರೆ 7,000 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಕ್ಷೆಗೆ ಇನ್ನೂ 2,400 ಮೀಟರ್ ಕೊರತೆ. ಎರಡು ಹಂತಗಳಿದ್ದಾಗ ಈ ಕೊರತೆ ತುಂಬುವುದು, ಬಹುಪಾಲು, ಖಾಲಿಯಾದ ಹತ್ತು ಟನ್ನನ್ನು ದಾರಿಯಲ್ಲಿ ಕಳಚುವುದರಿಂದ.

ಪ್ರಶ್ನೆ: ನನ್ನ ರಾಕೆಟ್ಟಿನ ಎರಡನೆಯ ಹಂತ ಐದಾರು ನಿಮಿಷ ಉರಿಯಬೇಕಾದದ್ದು ಸುಮಾರು 35 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆರ್ಬಿಟರಿನಲ್ಲಿ ಎಂಜಿನ್ನಿನ ನಿರ್ದಿಷ್ಟ ಆವೇಗವನ್ನು (ನೋದಕದಿಂದ ಎಂಜಿನ್ ಎಷ್ಟು ನೂಕು ಪಡೆಯುತ್ತದೆಂಬುದರ ಅಳತೆ) 365 ಎಂದೇ ಬರೆದಿದ್ದೇನೆ.
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಅಂಕಿ ಸರಿಯಾಗಿದೆ, ಮಾನ ಬದಲಾಗಿದೆ. ಪಠ್ಯಪುಸ್ತಕಗಳಲ್ಲಿಯೂ ಇಸ್ರೋ ಪ್ರಕಟಣೆಗಳಲ್ಲಿಯೂ ನಿರ್ದಿಷ್ಟ ಆವೇಗವನ್ನು ಸೆಕೆಂಡುಗಳಲ್ಲಿ ಹೇಳುತ್ತಾರೆ. ಎಲ್‌ವಿಎಂ-3 ರಾಕೆಟ್ಟಿನ ಸಿಇ-20 ಕ್ರಯೋಜೆನಿಕ್ ಎಂಜಿನ್ನಿಗೆ ಅದು ಸುಮಾರು 443 ಸೆಕೆಂಡು. ಆರ್ಬಿಟರ್ ಕೇಳುವುದು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ, ಅಂದರೆ ಅನಿಲ ಹೊರಚಿಮ್ಮುವ ವೇಗವನ್ನು. 365ನ್ನು 9.80665ರಿಂದ ಗುಣಿಸಿ 3,579 ಎಂದು ಬರೆಯಿರಿ. ನೀವು ಬರೆದಂತಿದ್ದರೆ, ಅದೇ ನೂಕುಬಲಕ್ಕಾಗಿ ಎಂಜಿನ್ ಸೆಕೆಂಡಿಗೆ 105 ಕಿಲೋಗ್ರಾಂ ಬದಲು ಸಾವಿರಕ್ಕೂ ಹೆಚ್ಚು ಕಿಲೋಗ್ರಾಂ ನೋದಕವನ್ನು ಹೊರಚೆಲ್ಲುತ್ತದೆ. ಮೊದಲ ಹಂತಕ್ಕೆ ನಿರ್ವಾತದ ಅಂಕಿಯನ್ನೂ ನೆಲಮಟ್ಟದ ಅಂಕಿಯನ್ನೂ ಬೇರೆಬೇರೆಯಾಗಿ ಕೊಡಲು ಮರೆಯಬೇಡಿ. ನಮ್ಮ ಶರಾವತಿಗೆ ಅವು 3,334 ಮತ್ತು 3,040.

ಪ್ರಶ್ನೆ: ಗೆಳೆಯರ ರಾಕೆಟ್ಟಿಗೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿಕೊಡುತ್ತಿದ್ದೇನೆ. ಉದ್ದ ಮತ್ತು ದಪ್ಪವನ್ನು ಕಣ್ಣಳತೆಯಲ್ಲಿ ಹಾಕಬಹುದೇ, ಅದಕ್ಕೂ ಲೆಕ್ಕವಿದೆಯೇ?
— ಚಿತ್ರಕಲಾವಿದೆ, ಧಾರವಾಡ

ಉತ್ತರ: ಲೆಕ್ಕವಿದೆ. ರಾಕೆಟ್ಟಿನ ರೂಪದಲ್ಲಿ ಹೆಚ್ಚಿನ ಪಾಲು ಟ್ಯಾಂಕಿನದು, ಟ್ಯಾಂಕಿನ ಅಳತೆ ನೋದಕದ ಸಾಂದ್ರತೆಯದು. ಮೀಥೇನಿನ ಪ್ರತಿ ಒಂದು ಭಾಗಕ್ಕೆ ಮೂರೂವರೆ ಭಾಗ ಆಮ್ಲಜನಕ ಎಂದು ಹಿಡಿದರೆ 120 ಟನ್ನಿನಲ್ಲಿ 93 ಟನ್ ಆಮ್ಲಜನಕ, 27 ಟನ್ ಮೀಥೇನ್ ಇರುತ್ತವೆ. ದ್ರವ ಆಮ್ಲಜನಕ ಘನ ಮೀಟರಿಗೆ ಸುಮಾರು 1,140 ಕಿಲೋಗ್ರಾಂ ತೂಗುತ್ತದೆ, ದ್ರವ ಮೀಥೇನ್ 420ರ ಆಸುಪಾಸು. ಎರಡೂ ಸೇರಿ ಸುಮಾರು 145 ಘನ ಮೀಟರ್ ಜಾಗ ಬೇಕು. ರಾಕೆಟ್ಟಿನ ವ್ಯಾಸವನ್ನು 3.2 ಮೀಟರ್ ಎಂದಿಟ್ಟರೆ ಮೊದಲ ಹಂತದ ಟ್ಯಾಂಕುಗಳು 18 ಮೀಟರ್, ಎರಡನೆಯದರವು ಐದೂವರೆ ಮೀಟರ್ ಉದ್ದವಾಗುತ್ತವೆ. ಎಂಜಿನ್‌ಗಳ ಭಾಗ, ಹಂತಗಳ ನಡುವಿನ ಜೋಡಣೆ, ಒಂಬತ್ತು ಮೀಟರಿನಷ್ಟು ಉಷ್ಣಕವಚ ಸೇರಿಸಿದರೆ ಒಟ್ಟು ಎತ್ತರ 40 ಮೀಟರಿನ ಸಮೀಪಕ್ಕೆ ಬರುತ್ತದೆ. ವ್ಯಾಸವನ್ನು ಎರಡು ಮೀಟರಿಗೆ ಇಳಿಸಿ ನೋಡಿ: ಟ್ಯಾಂಕುಗಳೇ 60 ಮೀಟರ್ ಉದ್ದವಾಗಿ, ಗಾಳಿಗೆ ಬಳುಕುವ ಬಿದಿರಿನಂತಾಗುತ್ತದೆ.

3.2 ಎಂಬ ಅಳತೆಯನ್ನು ನಾನು ಬೇಕೆಂದೇ ಆರಿಸಿದ್ದೇನೆ. ಎಲ್‌ವಿಎಂ-3ರ ಎರಡು ಪಕ್ಕಗಳಲ್ಲಿರುವ ಎಸ್-200 ಘನ ನೋದಕ ಬೂಸ್ಟರುಗಳ ವ್ಯಾಸವೂ ಅಷ್ಟೇ. ಕಾಲ್ಪನಿಕ ರಾಕೆಟ್ಟಿಗೆ ನಿಜವಾದ ಕಾರ್ಖಾನೆಯ ಅಳತೆಯೊಂದನ್ನು ಕೊಟ್ಟರೆ ಅದರ ಹುಟ್ಟಿಗೆ ಒಂದು ಊರು ಸಿಕ್ಕಂತಾಗುತ್ತದೆ. ಫಾಲ್ಕನ್-9ರ 3.66 ಮೀಟರ್ ವ್ಯಾಸವನ್ನು ಅಮೆರಿಕದ ಹೆದ್ದಾರಿಗಳಲ್ಲಿ ಸಾಗಿಸಬಹುದಾದ ಗಾತ್ರ ನಿರ್ಧರಿಸಿತು. ನಿಮ್ಮ ರಾಕೆಟ್ಟಿನ ಭಾಗಗಳು ಎಲ್ಲಿ ತಯಾರಾಗಿ ಯಾವ ದಾರಿಯಲ್ಲಿ ಶ್ರೀಹರಿಕೋಟ ತಲುಪುತ್ತವೆ ಎಂದು ಗೆಳೆಯರೊಡನೆ ಮಾತಾಡಿ ತೀರ್ಮಾನಿಸಿಕೊಳ್ಳಿ.

ಚಿತ್ರಿಸುವವರಿಗೆ ಇನ್ನೊಂದು ಮಾತು. ದ್ರವ ಮೀಥೇನ್ ಸೊನ್ನೆಗಿಂತ ಕೆಳಗೆ 162 ಡಿಗ್ರಿಯಲ್ಲಿ, ಆಮ್ಲಜನಕ 183 ಡಿಗ್ರಿಯಲ್ಲಿ ಕುದಿಯುತ್ತವೆ. ಎರಡೂ ಹೆಚ್ಚುಕಡಿಮೆ ಒಂದೇ ಚಳಿಯವಾದ್ದರಿಂದ ಎರಡು ಟ್ಯಾಂಕುಗಳ ನಡುವೆ ಒಂದೇ ಗೋಡೆ ಇದ್ದರೆ ಸಾಕಾಗುತ್ತದೆ, ನಡುವೆ ಖಾಲಿ ಜಾಗ ತೋರಿಸಬೇಕಾಗಿಲ್ಲ. ಹೊರಮೈಯಲ್ಲಿ ನೋದಕ ತುಂಬಿರುವಷ್ಟು ಭಾಗಕ್ಕೆ ಬಿಳಿ ಹಿಮದ ಪದರವನ್ನು ಬಳಿಯಿರಿ. ಜಲಜನಕದ ರಾಕೆಟ್ ಆಗಿದ್ದರೆ ರೂಪವೇ ಬೇರೆಯಾಗುತ್ತಿತ್ತು. ದ್ರವ ಜಲಜನಕ ಘನ ಮೀಟರಿಗೆ ಸುಮಾರು 71 ಕಿಲೋಗ್ರಾಂ ಮಾತ್ರ ತೂಗುವುದರಿಂದ ಟ್ಯಾಂಕು ಹೊಟ್ಟೆ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಸಿಮ್ಯುಲೇಟರಿನಲ್ಲಾದರೂ ನಮ್ಮ ಕರಾವಳಿಯಿಂದ ರಾಕೆಟ್ ಹಾರಿಸಬೇಕೆಂಬುದು ನನ್ನ ಆಸೆ. ಕಾರವಾರದಲ್ಲೋ ಮಂಗಳೂರಿನಲ್ಲೋ ಉಡಾವಣಾ ಕೇಂದ್ರ ಕಲ್ಪಿಸಿಕೊಂಡರೆ ತಪ್ಪೇನು?
— ಓದುಗರು, ಮಂಗಳೂರು

ಉತ್ತರ: ಕಲ್ಪಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಅದರ ಬೆಲೆ ತಿಳಿದಿರಲಿ. ಕಾರವಾರದಿಂದ ಪೂರ್ವಕ್ಕೆ ಬಂಗಾಳ ಕೊಲ್ಲಿಯ ತನಕ ಸುಮಾರು 650 ಕಿ.ಮೀ. ನೆಲವಿದೆ. ಪೂರ್ವಕ್ಕೆ ಹಾರಿಸಿದರೆ ರಾಕೆಟ್ ಸಹ್ಯಾದ್ರಿ, ಬಯಲುಸೀಮೆ ಮತ್ತು ಆಂಧ್ರದ ಊರುಗಳ ಮೇಲೆ ಹಾದುಹೋಗುತ್ತದೆ. ಹಾರಾಟದಲ್ಲಿ ಏನಾದರೂ ಕೆಟ್ಟರೆ ಅವಶೇಷಗಳು ಅಲ್ಲೇ ಬೀಳುತ್ತವೆ. ಪಶ್ಚಿಮಕ್ಕೆ ಹಾರಿಸಿದರೆ ಅರಬ್ಬಿ ಸಮುದ್ರ ತೆರೆದಿದೆ, ಆದರೆ ಭೂಮಿಯ ತಿರುಗುವಿಕೆಯಿಂದ ಬರುವ 450 ಮೀಟರ್ ಸಿಗದಿರುವುದಷ್ಟೇ ಅಲ್ಲ, ಅಷ್ಟನ್ನೇ ಮತ್ತೊಮ್ಮೆ ಎದುರಿಸಿ ಗೆಲ್ಲಬೇಕಾಗುತ್ತದೆ. ಒಟ್ಟು 900 ಮೀಟರಿನ ಈ ನಷ್ಟವನ್ನು ಶರಾವತಿಯ ಲೆಕ್ಕಕ್ಕೆ ಹಾಕಿ ನೋಡಿದೆ: 5 ಟನ್ನಿನ ಹೊರೆ ಸುಮಾರು 3 ಟನ್ನಿಗೆ ಇಳಿಯುತ್ತದೆ. ಈ ಬೆಲೆ ತೆತ್ತು ಪಶ್ಚಿಮಕ್ಕೇ ಹಾರಿಸುವ ದೇಶವೂ ಇದೆ. ಪೂರ್ವದಲ್ಲಿ ನೆರೆರಾಷ್ಟ್ರಗಳಿರುವುದರಿಂದ ಇಸ್ರೇಲ್ ತನ್ನ ಶಾವಿಟ್ ರಾಕೆಟ್ಟನ್ನು ಮೆಡಿಟರೇನಿಯನ್ ಸಮುದ್ರದ ಮೇಲೆ ಪಶ್ಚಿಮಾಭಿಮುಖವಾಗಿ ಉಡಾಯಿಸುತ್ತದೆ.

ದಕ್ಷಿಣಕ್ಕೆ, ಅಂದರೆ ಧ್ರುವಗಳ ಮೇಲೆ ಹಾದುಹೋಗುವ ಧ್ರುವ ಕಕ್ಷೆಗೆ, ಹಾರಿಸುವುದಾದರೆ ನಿಮ್ಮ ಕೇಂದ್ರಕ್ಕೆ ಹೆಚ್ಚು ಅರ್ಥ ಬರುತ್ತದೆ. ಆ ದಾರಿಯ ಅಕ್ಕಪಕ್ಕದಲ್ಲಿ ಲಕ್ಷದ್ವೀಪದ ಮಿನಿಕಾಯ್ ಮತ್ತು ಮಾಲ್ಡೀವ್ಸ್ ದ್ವೀಪಗಳಿರುವುದರಿಂದ ಹಂತಗಳು ಎಲ್ಲಿ ಬೀಳುತ್ತವೆಂದು ಭೂಪಟದಲ್ಲಿ ಗುರುತು ಹಾಕಿಕೊಳ್ಳಬೇಕು. ಶ್ರೀಹರಿಕೋಟಕ್ಕೂ ಇಂಥದೇ ತೊಡಕಿದೆ. ಧ್ರುವ ಕಕ್ಷೆಗೆ ಹೋಗುವ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ ಶ್ರೀಲಂಕಾದ ಮೇಲೆ ಹಾರದಂತೆ ಸುತ್ತಿಕೊಂಡು ಆಕಾಶದಲ್ಲಿಯೇ ದಿಕ್ಕು ಬದಲಿಸಬೇಕಾಗುವುದರಿಂದ ಹೊರೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಚಿಕ್ಕ ರಾಕೆಟ್ಟಿಗೆ ಈ ತಿರುವು ಇನ್ನೂ ದುಬಾರಿ. ತಮಿಳುನಾಡಿನ ಕುಲಶೇಖರಪಟ್ಟಿಣದಲ್ಲಿ ಹೊಸ ಕೇಂದ್ರಕ್ಕೆ 2024ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾದದ್ದರ ಹಿಂದೆ ಈ ಕಾರಣವಿದೆ. ಅಲ್ಲಿಂದ ದಕ್ಷಿಣಕ್ಕೆ ಸಮುದ್ರ ತೆರೆದುಕೊಂಡಿದೆ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ತೋರಿಸುತ್ತಿದ್ದೇನೆ. ಅದರಲ್ಲಿ ಹಾರಿದ ರಾಕೆಟ್ ಆರ್ಬಿಟರಿನಲ್ಲಿಯೂ ಹಾರುತ್ತದೆಯೇ?
— ವಿಜ್ಞಾನ ಶಿಕ್ಷಕರು, ಶಿರಸಿ

ಉತ್ತರ: ಹಾರುವುದಿಲ್ಲ. ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಹೊರತಂದ ಕರ್ಬಲ್‌ನಲ್ಲಿರುವುದು 600 ಕಿ.ಮೀ. ತ್ರಿಜ್ಯದ ಪುಟ್ಟ ಕಾಲ್ಪನಿಕ ಗ್ರಹ. ಅದರ ಮೇಲ್ಮೈ ಗುರುತ್ವ ನಮ್ಮದರಷ್ಟೇ ಇದ್ದರೂ ಕಕ್ಷೆ ಮುಟ್ಟಲು ಸುಮಾರು 3,400 ಮೀಟರ್ ವೇಗ ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಟಿನ್ ಶ್ವೈಗರ್ 2000ನೇ ಇಸವಿಯಿಂದ ಬೆಳೆಸಿಕೊಂಡು ಬಂದ, 2021ರಲ್ಲಿ ಮೂಲಸಂಕೇತವನ್ನೂ ಮುಕ್ತಗೊಳಿಸಿದ ಆರ್ಬಿಟರಿನಲ್ಲಿರುವುದು ನಿಜವಾದ ಸೌರವ್ಯೂಹ; ಅಲ್ಲಿ ಭೂಮಿಯ ಪೂರ್ತಿ ಬೆಲೆಯನ್ನು ತೆರಬೇಕು. ಆದರೂ ಮಕ್ಕಳಿಗೆ ಕರ್ಬಲ್‌ನಿಂದ ಆರಂಭಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಭಾಗಗಳನ್ನು ಕೈಯಿಂದ ಜೋಡಿಸುತ್ತ ತೂಕಕ್ಕೂ ವೇಗಕ್ಕೂ ಇರುವ ನಂಟನ್ನು ಅವರೇ ಕಂಡುಕೊಳ್ಳುತ್ತಾರೆ. ಒಂದು ಅಭ್ಯಾಸ ಕೊಡಿ. ಅಲ್ಲಿನ ಸಾಮಾನ್ಯ ದ್ರವ ನೋದಕದ ಟ್ಯಾಂಕು ತುಂಬಿದಾಗ ಖಾಲಿ ಇದ್ದಾಗಿನ ಒಂಬತ್ತು ಪಟ್ಟು ತೂಗುತ್ತದೆ. ಎಂಜಿನ್ನನ್ನೂ ಹೊರೆಯನ್ನೂ ಸೇರಿಸದಿದ್ದರೂ ಆ ಅನುಪಾತ ಒಂಬತ್ತನ್ನು ದಾಟದು ಎಂದ ಮೇಲೆ ಒಂದು ಹಂತ ಗಳಿಸಬಲ್ಲ ವೇಗಕ್ಕೆ ಮಿತಿ ಎಲ್ಲಿ ಎಂಬುದನ್ನು ಸೂತ್ರದಿಂದ ಕಂಡುಹಿಡಿಯಲಿ.

ಪ್ರಶ್ನೆ: ನಾನು ರಾಕೆಟ್ಟನ್ನು 60 ಕಿ.ಮೀ. ತನಕ ನೇರವಾಗಿ ಏರಿಸಿ, ಗಾಳಿ ಮುಗಿದ ಮೇಲೆ ಅಡ್ಡ ತಿರುಗಿಸುತ್ತೇನೆ. ಆರಂಭದಿಂದಲೇ ಬಾಗಬೇಕೆಂದು ಗೆಳೆಯರು ಹೇಳುತ್ತಾರೆ. ಒಮ್ಮೆ ಕೆಳಗೆ ಗಾಳಿಯಲ್ಲಿಯೇ ಥಟ್ಟನೆ ತಿರುಗಿಸಿದಾಗಲೂ ರಾಕೆಟ್ಟಿಗೆ ಏನೂ ಆಗಲಿಲ್ಲ. ನಿಜದಲ್ಲಿಯೂ ಹೀಗೆಯೇ?
— ಓದುಗರು, ತುಮಕೂರು

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ನೇರ ಏರುವ ಪ್ರತಿ ಸೆಕೆಂಡಿಗೂ ಗುರುತ್ವದ ಸುಂಕ ಪೂರ್ತಿಯಾಗಿ ಬೀಳುತ್ತದೆಂಬುದನ್ನು ಮೊದಲ ಉತ್ತರದಲ್ಲಿ ಹೇಳಿದ್ದೇನೆ. ನೆಲ ಬಿಟ್ಟು ಹತ್ತು ಹದಿನೈದು ಸೆಕೆಂಡುಗಳಾದ ಮೇಲೆ ರಾಕೆಟ್ಟನ್ನು ಪೂರ್ವಕ್ಕೆ ಎರಡು ಮೂರು ಡಿಗ್ರಿ ಬಾಗಿಸಿ, ಅದರ ಮೂತಿ ಸದಾ ಸಾಗುವ ದಿಕ್ಕಿನಲ್ಲಿಯೇ ಇರುವಂತೆ ನೋಡಿಕೊಂಡರೆ, ಮುಂದಿನ ಬಾಗುವಿಕೆಯನ್ನು ಗುರುತ್ವವೇ ನಡೆಸಿಕೊಡುತ್ತದೆ. ಮೊದಲ ಹಂತ ಮುಗಿಯುವ ವೇಳೆಗೆ ರಾಕೆಟ್ ಬಹುಮಟ್ಟಿಗೆ ಅಡ್ಡಲಾಗಿರುತ್ತದೆ. ಆರಂಭದ ಆ ಎರಡು ಡಿಗ್ರಿಯ ಆಯ್ಕೆಯೇ ಇಡೀ ದಾರಿಯನ್ನು ನಿರ್ಧರಿಸುವುದರಿಂದ ಅರ್ಧ ಡಿಗ್ರಿ ಆಚೀಚೆ ಮಾಡಿ ಹಲವು ಸಲ ಹಾರಿಸಿ ನೋಡಬೇಕು. ಈ ಕೆಲಸದಲ್ಲಿ ಸಂಜೆಗಳು ಕಳೆದುಹೋಗುತ್ತವೆ, ನನಗೆ ಅತ್ಯಂತ ಪ್ರಿಯವಾದ ಭಾಗವೂ ಅದೇ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಹನ್ನೊಂದು ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಸಾಗುವ ರಾಕೆಟ್ಟಿನ ಮೇಲೆ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು ಮೂರು ಟನ್ ತೂಕದಷ್ಟಿರುತ್ತದೆ. ಮೂತಿ ನೇರವಾಗಿದ್ದರೆ ಇದನ್ನು ತಡೆದುಕೊಳ್ಳಬಹುದು. ಓರೆಯಾದರೆ ಆ ಗಾಳಿ ಪಕ್ಕದಿಂದ ಒತ್ತಿ ರಾಕೆಟ್ಟನ್ನು ನಡುವಿನಲ್ಲಿ ಮುರಿಯುತ್ತದೆ. ಆರ್ಬಿಟರ್ ತಾನಾಗಿ ರಾಕೆಟ್ಟನ್ನು ಮುರಿಯುವುದಿಲ್ಲವಾದ್ದರಿಂದ ನಿಮಗೆ ಅದು ತಿಳಿಯಲಿಲ್ಲ.

ನಿಜದಲ್ಲಿ ಏನಾಗುತ್ತದೆಂಬುದಕ್ಕೆ ನಮ್ಮದೇ ಉದಾಹರಣೆಯಿದೆ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1988ರ ಜುಲೈ 13ರಂದು, ಎಎಸ್‌ಎಲ್‌ವಿ ರಾಕೆಟ್ಟಿನ ಎರಡನೆಯ ಹಾರಾಟ ನಡೆಯಿತು. ಪಕ್ಕದ ಬೂಸ್ಟರುಗಳು ಉರಿದು ಮುಗಿಯುವುದಕ್ಕೂ ನಡುವಿನ ಮೋಟಾರು ಹೊತ್ತಿಕೊಂಡು ಪೂರ್ಣ ಬಲಕ್ಕೆ ಬರುವುದಕ್ಕೂ ನಡುವಿನ ಅಲ್ಪ ಅವಧಿಯಲ್ಲಿ, ಗಾಳಿಯ ಒತ್ತಡ ಅತಿ ಹೆಚ್ಚಿರುವ ಘಟ್ಟದಲ್ಲಿಯೇ, ರಾಕೆಟ್ ನಿಯಂತ್ರಣ ತಪ್ಪಿ ಓರೆಯಾಗಿ ಮುರಿದುಹೋಯಿತು. ಆ ಅಂತರ ಉಳಿಯದಂತೆ ಹೊತ್ತಿಸುವ ಕ್ರಮವನ್ನು ಬದಲಿಸಿ, ಸ್ಥಿರತೆಗಾಗಿ ರೆಕ್ಕೆಗಳನ್ನು ಜೋಡಿಸಿದ ಬಳಿಕ, 1992ರ ಮೇ 20ರಂದು ಮೂರನೆಯ ಹಾರಾಟ ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ಯುರೋಪಿನ ಏರಿಯಾನ್-5 ಕೂಡ 1996ರ ಜೂನ್ 4ರ ಮೊದಲ ಹಾರಾಟದಲ್ಲಿ, ಕಂಪ್ಯೂಟರಿನ ತಪ್ಪು ಸಂಕೇತದಿಂದ ಥಟ್ಟನೆ ಓರೆಯಾಗಿ, ನಲವತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಒಡೆಯಿತು.

ನಿಮ್ಮ ರಾಕೆಟ್ಟಿಗೆ ನೀವೇ ಒಂದು ನಿಯಮ ಹಾಕಿಕೊಳ್ಳಿ. ಮೊದಲ ನೂರು ಸೆಕೆಂಡುಗಳಲ್ಲಿ ಮೂತಿಗೂ ಸಾಗುವ ದಿಕ್ಕಿಗೂ ನಡುವೆ ನಾಲ್ಕು ಡಿಗ್ರಿಗಿಂತ ಹೆಚ್ಚು ಕೋನ ಬಂದರೆ ಆ ಹಾರಾಟ ಸೋತಿತೆಂದು ಬರೆದುಕೊಂಡು ಹೊಸದಾಗಿ ಆರಂಭಿಸುವುದು ನಾನು ಪಾಲಿಸುವ ಕ್ರಮ. ಮಾದರಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಬಲ್ಲವರು ರಾಕೆಟ್ಟೇ ಒಡೆಯುವಂತೆ ಮಾಡಬಹುದು.

ಪ್ರಶ್ನೆ: ಶರಾವತಿಯಂಥ ರಾಕೆಟ್ಟಿನ ಮೊದಲ ಹಂತವನ್ನು ಫಾಲ್ಕನ್-9ರಂತೆ ಸಮುದ್ರದ ಹಡಗಿನ ಮೇಲೆ ಇಳಿಸಲು ಎಷ್ಟು ನೋದಕ ಉಳಿಸಬೇಕು?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 120 ಟನ್ನಿನಲ್ಲಿ 12 ಟನ್ ಉಳಿಸಿ, ಕಾಲುಗಳಿಗೂ ದಿಕ್ಕು ತಿದ್ದುವ ಜಾಲರಿಗಳಿಗೂ ಒಂದೂವರೆ ಟನ್ ಸೇರಿಸಿ ಲೆಕ್ಕ ಹಾಕಿದರೆ, ಕಕ್ಷೆಗೆ ಒಯ್ಯಬಹುದಾದ ಹೊರೆ 5 ಟನ್ನಿನಿಂದ ಸುಮಾರು ಮೂರೂವರೆ ಟನ್ನಿಗೆ ಇಳಿಯುತ್ತದೆ. ಉಳಿಸಿದ 12 ಟನ್ ನೋದಕವು ಬಹುಮಟ್ಟಿಗೆ ಖಾಲಿಯಾದ ಹಂತಕ್ಕೆ 2,000 ಮೀಟರಿಗೂ ಹೆಚ್ಚು ವೇಗಬದಲಾವಣೆ ಕೊಡಬಲ್ಲದು, ಆದ್ದರಿಂದ ವಾತಾವರಣ ಹೊಗುವ ಮುನ್ನ ವೇಗ ತಗ್ಗಿಸುವುದಕ್ಕೂ ಇಳಿಯುವುದಕ್ಕೂ ಅದು ಸಾಕು.

ನಿಜವಾದ ಕಷ್ಟ ಕೊನೆಯ ಎರಡು ಕಿ.ಮೀ.ಗಳಲ್ಲಿದೆ. ಏಳು ಎಂಜಿನ್‌ಗಳಲ್ಲಿ ನಡುವಿನದೊಂದನ್ನೇ ಹೊತ್ತಿಸಿದರೂ ಅದರ 320 ಕಿಲೋನ್ಯೂಟನ್ ಬಲವು ಹನ್ನೊಂದೂವರೆ ಟನ್ನಿನ ಖಾಲಿ ಹಂತದ ತೂಕಕ್ಕಿಂತ 2.8 ಪಟ್ಟು ಹೆಚ್ಚು. ಎಂಜಿನ್ನಿನ ಬಲವನ್ನು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಸಲಾಗದಿದ್ದರೆ ರಾಕೆಟ್ ಗಾಳಿಯಲ್ಲಿ ನಿಂತು ಜಾಗ ನೋಡಿಕೊಂಡು ಇಳಿಯಲಾರದು. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಬೀಳುತ್ತಿರುವಾಗ ಪೂರ್ಣ ಬಲದಲ್ಲಿ ಹೊತ್ತಿಸಿದರೆ ನಿಲ್ಲಲು ಸುಮಾರು 15 ಸೆಕೆಂಡುಗಳೂ 1.9 ಕಿ.ಮೀ. ಎತ್ತರವೂ ಬೇಕು. ಒಂದು ಸೆಕೆಂಡು ಬೇಗ ಹೊತ್ತಿಸಿದರೆ ರಾಕೆಟ್ ಹಡಗನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತು ಮತ್ತೆ ಮೇಲೇರಲು ತೊಡಗುತ್ತದೆ, ತಡವಾದರೆ ಅಪ್ಪಳಿಸುತ್ತದೆ. ಎಂಜಿನ್ ಏಳರ ಬದಲು ಒಂದೇ ಇದ್ದಿದ್ದರೆ ಈ ಬಲ ತೂಕದ ಇಪ್ಪತ್ತು ಪಟ್ಟಾಗಿ ಇಳಿಸುವ ಮಾತೇ ಇರುತ್ತಿರಲಿಲ್ಲ. ಮೊದಲು ಹಡಗನ್ನು ಬಿಟ್ಟು ಸಮತಟ್ಟಾದ ನೆಲದ ಮೇಲೆ, 1.9 ಕಿ.ಮೀ. ಎತ್ತರದಿಂದ, ಗಾಳಿ ಇಲ್ಲದ ದಿನದಲ್ಲಿ ಅಭ್ಯಾಸ ಮಾಡಿ, ಎಂಜಿನ್ ಹೊತ್ತಿಸಿದ ಎತ್ತರವನ್ನೂ ನೆಲ ಮುಟ್ಟಿದ ವೇಗವನ್ನೂ ಪ್ರತಿ ಸಲ ಬರೆದಿಟ್ಟುಕೊಳ್ಳಿ.